ಬೆರಳ ಕುರುಹು

ಕುರುಹು ಎಂಬ ಪದ ಕನ್ನಡದಲ್ಲಿ ಬಹು ಹಳೆಯದು. ಕಾಣದ ವಸ್ತುವನ್ನು ಕಾಣುವಂತೆ ಮಾಡುವ ಗುರುತೇ ಕುರುಹು. ಆ ಕುರುಹಿನ ಮೂಲಕ ವಸ್ತುವನ್ನು ಅರಿಯುವುದು ಒಂದು ಬಗೆ. ಕುರುಹನ್ನೇ ವಸ್ತುವೆಂದು ಭ್ರಮಿಸಿ ಅಲ್ಲಿಯೇ ನಿಂತುಬಿಡುವುದು ಇನ್ನೊಂದು ಬಗೆ. ವಚನಗಳ ಅಧ್ಯಯನ ಮಾಡಿದವರಿಗೆ ಈ ಭೇದ ಹೊಸದೇನಲ್ಲ. ಇದೇ ಭೇದವು 19ನೆಯ ಶತಮಾನದ ಕೊನೆಯಲ್ಲಿ ಬಂಗಾಳದ ಒಂದು ನ್ಯಾಯಾಲಯದಲ್ಲಿ ಒಬ್ಬ ಮನುಷ್ಯನ ಪ್ರಾಣದ ಪ್ರಶ್ನೆಯಾಗಿ ಎದ್ದು ನಿಂತಿತ್ತು. ಅಲ್ಲಿದ್ದ ಕುರುಹು ಒಂದು ಹೆಬ್ಬೆರಳಿನದು.

1897ರ ಆಗಸ್ಟ್ ತಿಂಗಳು. ಭೂತಾನದ ಗಡಿಗೆ ಹತ್ತಿರವಿರುವ ಜಲಪಾಯಿಗುರಿ ಜಿಲ್ಲೆಯ ಒಂದು ಚಹಾ ತೋಟ. ತೋಟದ ವ್ಯವಸ್ಥಾಪಕನು ತನ್ನ ಹಾಸಿಗೆಯ ಮೇಲೆ ಕತ್ತು ಕೊಯ್ದ ಸ್ಥಿತಿಯಲ್ಲಿ ಸತ್ತುಬಿದ್ದಿದ್ದನು. ಕಾಗದಪತ್ರಗಳ ಪೆಟ್ಟಿಗೆಯನ್ನೂ ತಿಜೋರಿಯನ್ನೂ ಒಡೆಯಲಾಗಿತ್ತು. ಹಲವು ನೂರು ರೂಪಾಯಿಗಳು ಮಾಯವಾಗಿದ್ದವು. ಸಂಶಯಕ್ಕೆ ಮಾತ್ರ ಬರವಿರಲಿಲ್ಲ. ಆತ ಕೂಲಿಗಳನ್ನು ಕಠಿಣವಾಗಿ ದುಡಿಸುತ್ತಿದ್ದವನು. ಹಾಗಾಗಿ ಕೂಲಿಗಳ ಮೇಲೆ ಸಂಶಯ. ಅಡುಗೆಯವನ ಬಟ್ಟೆಯ ಮೇಲೆ ರಕ್ತದ ಕಲೆಗಳಿದ್ದವು. ಅವನ ಮೇಲೆ ಸಂಶಯ. ಆತನೊಡನೆ ಸಂಬಂಧವಿದ್ದ ಒಬ್ಬ ಹೆಂಗಸಿನ ಬಂಧುಗಳ ಮೇಲೆ ಸಂಶಯ. ಸಮೀಪದಲ್ಲಿ ಬೀಡುಬಿಟ್ಟಿದ್ದ ಅಲೆಮಾರಿ ಕಾಬೂಲಿಗಳ ಮೇಲಂತೂ ಸರಿಯೇ ಸರಿ. ಊರಿಗೆ ಹೊರಗಿನವರು ಬಂದಾಗ ಮೊದಲ ಬೆರಳು ಅವರತ್ತಲೇ ಚಾಚುವುದು ಎಲ್ಲ ಕಾಲದ, ಎಲ್ಲ ದೇಶದ ರೂಢಿ. ಕೊನೆಯದಾಗಿ, ವ್ಯವಸ್ಥಾಪಕನೇ ಹಿಂದೊಮ್ಮೆ ಕಳವಿನ ಆರೋಪದ ಮೇಲೆ ಜೈಲಿಗೆ ಕಳಿಸಿದ್ದ ಹಳೆಯ ಸೇವಕನೊಬ್ಬನಿದ್ದನು. ಅವನು ಕೆಲವು ವಾರಗಳ ಹಿಂದೆಯಷ್ಟೇ ಬಿಡುಗಡೆಯಾಗಿದ್ದನು. ಆದರೆ ಆ ಪ್ರದೇಶದಲ್ಲಿ ಅವನನ್ನು ಕಂಡವರು ಯಾರೂ ಇರಲಿಲ್ಲ.

ಅಡುಗೆಯವನು ತನ್ನ ಬಟ್ಟೆಯ ಮೇಲಿರುವುದು ಪಾರಿವಾಳದ ರಕ್ತವೆಂದು ಹೇಳಿದನು. ಸರಕಾರದ ರಾಸಾಯನಿಕ ಪರೀಕ್ಷಕರು ಅದನ್ನು ಪರೀಕ್ಷಿಸಿ, ಅವನ ಮಾತಿಗೆ ಪುಷ್ಟಿ ಕೊಟ್ಟರು. ವಿಜ್ಞಾನವು ಈ ಪ್ರಕರಣದಲ್ಲಿ ಮೊದಲು ಮಾಡಿದ ಕೆಲಸ ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು ಎಂಬುದನ್ನು ಗಮನಿಸಬೇಕು. ಕೊಲೆಗಾರನನ್ನು ಹಿಡಿದ ಕತೆಯನ್ನು ಎಲ್ಲರೂ ಹೇಳುತ್ತಾರೆ, ಅಡುಗೆಯವನು ಮನೆಗೆ ಹೋದ ಕತೆಯನ್ನು ಹೇಳುವವರು ಕಡಿಮೆ.

ಒಡೆದ ಪೆಟ್ಟಿಗೆಯ ಕಾಗದಗಳ ನಡುವೆ ನೀಲಿ ರಕ್ಷಾಪುಟವಿದ್ದ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು. ಅದರ ಮೇಲೆ ಮಸುಕಾದ ಎರಡು ಕಂದು ಕಲೆಗಳಿದ್ದವು. ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಕಲೆಯಲ್ಲಿ ಬೆರಳಿನ ಗೆರೆಗಳು ಕಂಡವು. ಆ ಪಂಚಾಂಗವನ್ನು ಕಲಕತ್ತೆಗೆ ಕಳಿಸಲಾಯಿತು. ಅಲ್ಲಿ ಆಗತಾನೇ ಸ್ಥಾಪನೆಯಾಗಿದ್ದ ಬೆರಳಚ್ಚು ಕಚೇರಿಯಲ್ಲಿ, ಹಿಂದೆ ಶಿಕ್ಷೆಯಾದವರ ಬೆರಳಚ್ಚುಗಳ ಸಂಗ್ರಹದೊಡನೆ ಹೋಲಿಸಿ ನೋಡಿದಾಗ ಅದು ಕಾಂಗಾಲಿ ಚರಣನೆಂಬವನ ಬಲ ಹೆಬ್ಬೆರಳಿನ ಅಚ್ಚೆಂದು ತಿಳಿಯಿತು. ಅವನೇ ಆ ಹಳೆಯ ಸೇವಕ. ನೂರಾರು ಮೈಲಿ ದೂರದ ಬೀರಭೂಮ್ ಜಿಲ್ಲೆಯಲ್ಲಿ ಅವನನ್ನು ಹಿಡಿದು ಕಲಕತ್ತೆಗೆ ತಂದು, ಮತ್ತೊಮ್ಮೆ ಹೆಬ್ಬೆಟ್ಟು ಒತ್ತಿಸಿದಾಗಲೂ ಗೆರೆಗಳು ಹೊಂದಿಕೊಂಡವು. ಕಂದು ಕಲೆಗಳು ಸಸ್ತನಿಯ ರಕ್ತವೆಂದು ರಾಸಾಯನಿಕ ಪರೀಕ್ಷಕರು ಪ್ರಮಾಣಪತ್ರ ನೀಡಿದರು. ಕೊಲೆ ಮತ್ತು ಕಳವು ಎಂಬ ಎರಡು ಆರೋಪಗಳನ್ನು ಹೊರಿಸಿ ಅವನನ್ನು ವಿಚಾರಣೆಗೆ ನಿಲ್ಲಿಸಲಾಯಿತು.

1898ರಲ್ಲಿ ಬಂದ ತೀರ್ಪು ವಿಶಿಷ್ಟವಾದುದು. ನ್ಯಾಯಾಧೀಶರೂ ಅವರೊಡನೆ ಕುಳಿತಿದ್ದ ಅಸೆಸರರೂ ಕಾಂಗಾಲಿ ಚರಣನನ್ನು ಕಳವಿನ ಅಪರಾಧಿಯೆಂದು ನಿರ್ಣಯಿಸಿದರು; ಕೊಲೆಯ ಅಪರಾಧಿಯೆಂದು ನಿರ್ಣಯಿಸಲು ಒಪ್ಪಲಿಲ್ಲ. ಕೊಲೆಯನ್ನು ಕಂಡವರು ಯಾರೂ ಇರಲಿಲ್ಲ. ಅವನ ಹೆಬ್ಬೆರಳು ಪೆಟ್ಟಿಗೆಯೊಳಗಿನ ಪಂಚಾಂಗವನ್ನು ಮುಟ್ಟಿತ್ತು. ಆ ಬೆರಳಿಗೆ ರಕ್ತ ತಗುಲಿತ್ತು. ಅಷ್ಟರ ಮಟ್ಟಿಗೆ ಕುರುಹು ಮಾತನಾಡಿತು. ಕತ್ತಿ ಹಿಡಿದ ಕೈ ಯಾವುದೆಂಬ ಪ್ರಶ್ನೆಗೆ ಅದು ಉತ್ತರ ಕೊಡಲಿಲ್ಲ. ಅದು ಹೇಳದ ಮಾತನ್ನು ನ್ಯಾಯಾಲಯ ತಾನಾಗಿ ಸೇರಿಸಲಿಲ್ಲ. ಮೇಲ್ಮನವಿಯಲ್ಲಿಯೂ ಆ ನಿರ್ಣಯವೇ ನಿಂತಿತು.

ಬೆರಳಚ್ಚಿನ ಇತಿಹಾಸ ಬರೆದವರಲ್ಲಿ ಹಲವರು ಈ ತೀರ್ಪನ್ನು ಅರೆಮನಸ್ಸಿನದೆಂದು ಭಾವಿಸುತ್ತಾರೆ. ಹೊಸ ವಿಜ್ಞಾನವನ್ನು ಪೂರ್ಣವಾಗಿ ನಂಬುವ ಧೈರ್ಯ ನ್ಯಾಯಾಲಯಕ್ಕೆ ಬರಲಿಲ್ಲವೆಂದು ಅವರ ಅಭಿಪ್ರಾಯ. ಕಾಂಗಾಲಿ ಚರಣನೇ ಕೊಂದಿರುವ ಸಂಭವ ಬಹಳವಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೂ ಮುಂದೆ ನಡೆದುದನ್ನು ನೋಡಿದಾಗ, ಅಂದು ಆ ಪೀಠದಲ್ಲಿ ಕುಳಿತವರ ಹಿಂಜರಿಕೆಯಲ್ಲಿ ದೊಡ್ಡ ವಿವೇಕವಿತ್ತು ಎನ್ನದೆ ವಿಧಿಯಿಲ್ಲ.

ಈ ಬೆರಳಚ್ಚು ಕಚೇರಿ ಏಕೆ ಹುಟ್ಟಿತು? ಇಂದಿನವರು ತಿಳಿದಿರುವಂತೆ ಕೊಲೆಗಾರರನ್ನು ಪತ್ತೆಹಚ್ಚುವುದಕ್ಕಾಗಿ ಅಲ್ಲ. ಅದು ಹುಟ್ಟಿದ್ದು ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವುದಕ್ಕಾಗಿ. 1860ರ ಭಾರತ ದಂಡ ಸಂಹಿತೆಯ 75ನೆಯ ಕಲಮು, ಹಿಂದೆ ಶಿಕ್ಷೆಯಾದವನು ಅಂಥದೇ ಕೆಲವು ಅಪರಾಧಗಳನ್ನು ಮತ್ತೆ ಮಾಡಿದರೆ ಜೀವಾವಧಿಯವರೆಗೆ ಶಿಕ್ಷೆಯನ್ನು ಹೆಚ್ಚಿಸಲು ಅವಕಾಶ ಕೊಟ್ಟಿತ್ತು. ಆದರೆ ಒಂದು ಜಿಲ್ಲೆಯಲ್ಲಿ ಜೈಲು ಕಂಡವನು ಇನ್ನೊಂದು ಜಿಲ್ಲೆಗೆ ಹೋಗಿ ಹೆಸರು ಬದಲಿಸಿಕೊಂಡರೆ, ಅವನೇ ಇವನೆಂದು ಹೇಳುವವರು ಯಾರು? ಹೆಸರು ನಾಲಗೆಯ ತುದಿಯಲ್ಲಿರುವಂಥದು. ಮೈಯಿಂದ ಅಳಿಸಲಾಗದ ಒಂದು ಕುರುಹು ಆಳುವವರಿಗೆ ಬೇಕಾಗಿತ್ತು.

ಅಂಥ ಕುರುಹನ್ನು ಕಂಪನಿ ಸರಕಾರ ಮೊದಲು ಸೂಜಿಯಿಂದಲೇ ಬರೆಯಲು ನೋಡಿತ್ತು. 1797ರ ಬಂಗಾಳದ ಕಾನೂನಿನಂತೆ ಜೀವಾವಧಿ ಶಿಕ್ಷೆಗೊಳಗಾದವರ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಲಾಗುತ್ತಿತ್ತು. ಇದಕ್ಕೆ ಗೋದ್ನಾ ಎಂದು ಹೆಸರು. ಹಬ್ಬಕ್ಕೋ ಮದುವೆಗೋ ಹೆಣ್ಣುಮಕ್ಕಳು ಪ್ರೀತಿಯಿಂದ ಚುಚ್ಚಿಸಿಕೊಳ್ಳುತ್ತಿದ್ದ ಹಚ್ಚೆಗೂ ಅದೇ ಹೆಸರು! ಹೀಗೆ ಚುಚ್ಚಿಸಿಕೊಂಡವರು ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಓಡಾಡುತ್ತಿದ್ದರು. ಈ ಪದ್ಧತಿಯನ್ನು 1849ರಲ್ಲಿ ರದ್ದುಗೊಳಿಸಲಾಯಿತು. ಹಣೆಯ ಬರಹವನ್ನು ಬರೆಯುವ ಅಧಿಕಾರವನ್ನು ಸರಕಾರ ಬಿಟ್ಟುಕೊಟ್ಟಿತು. ಬೇಕೆಂಬ ಆಸೆಯನ್ನು ಬಿಡಲಿಲ್ಲ.

1858ರಲ್ಲಿ, ಸಿಪಾಯಿ ದಂಗೆಯ ಮರುವರ್ಷ, ಮುರ್ಶಿದಾಬಾದ್ ಜಿಲ್ಲೆಯ ಜಂಗೀಪುರದಲ್ಲಿದ್ದ ಯುವ ಅಧಿಕಾರಿ ವಿಲಿಯಂ ಹರ್ಷೆಲ್ ರಸ್ತೆಗೆ ಖಡಿ ಪೂರೈಸುವ ಒಂದು ಕರಾರನ್ನು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನೊಡನೆ ಮಾಡಿಕೊಂಡನು. ಕರಾರಿನ ಹಿಂಬದಿಗೆ ಮಸಿ ಬಳಿದ ಅಂಗೈಯನ್ನು ಒತ್ತಿಸಿದನು. ಮುಂದೆ ಸಹಿ ತನ್ನದಲ್ಲವೆಂದು ಅವನು ಹೇಳದಂತೆ ಹೆದರಿಸುವುದಷ್ಟೇ ಉದ್ದೇಶವಾಗಿತ್ತೆಂದು ಹರ್ಷೆಲ್ ಆಮೇಲೆ ತಾನೇ ಒಪ್ಪಿಕೊಂಡಿದ್ದಾನೆ. ಹೆದರಿಸಲು ಮಾಡಿದ್ದು ಕುತೂಹಲವಾಗಿ ಬೆಳೆಯಿತು. ತನ್ನವೇ ಬೆರಳುಗಳ ಅಚ್ಚನ್ನು ದಶಕಗಳ ಅಂತರದಲ್ಲಿ ತೆಗೆದುಕೊಂಡು, ವಯಸ್ಸು ಮೈಯನ್ನೆಲ್ಲ ಬದಲಿಸಿದರೂ ಗೆರೆಗಳು ಬದಲಾಗವೆಂಬುದನ್ನು ಆತ ಕಂಡುಕೊಂಡನು. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಪಿಂಚಣಿ, ದಸ್ತಾವೇಜುಗಳ ನೋಂದಣಿ ಮತ್ತು ಜೈಲುಗಳಲ್ಲಿ ಇದನ್ನು ಬಳಕೆಗೆ ತಂದನು. ಪ್ರಾಂತ್ಯದಾದ್ಯಂತ ತರಬೇಕೆಂಬ ಅವನ ಸಲಹೆಯನ್ನು ಮಾತ್ರ ಮೇಲಿನವರು ಸ್ವೀಕರಿಸಲಿಲ್ಲ.

ಅತ್ತ ಜಪಾನಿನಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್ 1880ರಲ್ಲಿ ನೇಚರ್ ಪತ್ರಿಕೆಯಲ್ಲಿ, ಅಪರಾಧ ನಡೆದ ಸ್ಥಳದ ಬೆರಳ ಗುರುತುಗಳಿಂದ ಅಪರಾಧಿಯನ್ನು ಗುರುತಿಸಬಹುದೆಂದು ಬರೆದನು. ಮೊದಲಿಗರು ಯಾರೆಂಬ ಬಗ್ಗೆ ಇವರಿಬ್ಬರ ನಡುವೆ ಎದ್ದ ಜಗಳ ದೀರ್ಘಕಾಲ ನಡೆಯಿತು, ಅದಿಲ್ಲಿ ಬೇಡ.

ಫ್ರಾನ್ಸಿಸ್ ಗಾಲ್ಟನ್‌ನ ಸಂಗತಿ ಮಾತ್ರ ಬೇಕು. ಸುಜನನಶಾಸ್ತ್ರವೆಂಬ ವಿವಾದಾಸ್ಪದ ವಿದ್ಯೆಗೆ ಹೆಸರಿಟ್ಟವನೇ ಈತ. ಮನುಷ್ಯನ ಗುಣ ರಕ್ತದಿಂದ ಬರುವುದೆಂದು ಆತನ ದೃಢವಾದ ನಂಬಿಕೆ. 1892ರಲ್ಲಿ ಬೆರಳಚ್ಚುಗಳ ಮೇಲೆ ಗ್ರಂಥ ಬರೆದು, ಎರಡು ಬೇರೆ ಬೆರಳುಗಳ ಅಚ್ಚು ಒಂದೇ ಆಗಿರುವ ಸಂಭವ 6,400 ಕೋಟಿಯಲ್ಲಿ ಒಂದು ಎಂದು ಲೆಕ್ಕ ಹಾಕಿದನು. ಬೆರಳ ಗೆರೆಗಳಲ್ಲಿ ಮನುಷ್ಯನ ಜನಾಂಗವೂ ಸ್ವಭಾವವೂ ಅಡಗಿರಬೇಕೆಂದು ಆತ ಬಹಳ ಆಶೆಯಿಟ್ಟು ಹುಡುಕಿದನು. ಬೇರೆ ಬೇರೆ ಜನಾಂಗಗಳ, ಬೇರೆ ಬೇರೆ ಅಂತಸ್ತುಗಳ ಜನರ ಅಚ್ಚುಗಳನ್ನು ಮುಂದಿಟ್ಟುಕೊಂಡು ನೋಡಿದನು. ಏನೂ ಸಿಗಲಿಲ್ಲ. ತನ್ನ ನಿರೀಕ್ಷೆ ಸುಳ್ಳಾಯಿತೆಂದು ಅದೇ ಗ್ರಂಥದಲ್ಲಿ ಪ್ರಾಮಾಣಿಕವಾಗಿ ಬರೆದುಕೊಂಡನು. ಹುಟ್ಟಿನಿಂದ ಮೇಲು ಕೀಳುಗಳನ್ನು ಅಳೆಯಹೊರಟವನ ಕೈಗೆ, ಹುಟ್ಟಿನ ಮೇಲುಕೀಳಿನ ಬಗ್ಗೆ ಏನನ್ನೂ ಹೇಳದ ಕುರುಹು ಸಿಕ್ಕಿತು. ಈ ಮಾತನ್ನು ಆ ಕಾಲದ ಆಡಳಿತಗಾರರು ಇನ್ನಷ್ಟು ಗಮನವಿಟ್ಟು ಓದಬೇಕಾಗಿತ್ತು.

ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿ ಮೊದಲು ಫ್ರಾನ್ಸಿನ ಬರ್ಟಿಯೋನ್ ಪದ್ಧತಿಯನ್ನು ತಂದಿದ್ದನು. ಕೈದಿಯ ತಲೆ, ತೋಳು, ಪಾದ ಮುಂತಾದವುಗಳನ್ನು ಅಳೆದು ಬರೆದಿಡುವ ಪದ್ಧತಿ ಅದು. ಅಳೆಯುವವನ ಕೈ ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ಬೆರಳಚ್ಚಿನಲ್ಲಿ ಆ ದೋಷವಿರಲಿಲ್ಲ; ಆದರೆ ಸಾವಿರಾರು ಚೀಟಿಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆಂಬುದು ಬಗೆಹರಿದಿರಲಿಲ್ಲ. ಇದನ್ನು ಬಗೆಹರಿಸಿದವರು ಇಬ್ಬರು ಭಾರತೀಯ ಸಬ್ ಇನ್ಸ್‌ಪೆಕ್ಟರರು: ಖುಲ್ನಾ ಕಡೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಕ್ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದ್ದವರು. ಅವರ ಯುಕ್ತಿ ಸರಳವಾದುದು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡುವುದು. ಪ್ರತಿ ಬೆರಳಿನಲ್ಲಿ ಸುಳಿ ಇದೆಯೋ ಇಲ್ಲವೋ ಎಂದಷ್ಟೇ ಕೇಳುವುದು. ಒಂದು ಜೋಡಿಗೆ ನಾಲ್ಕು ಸಾಧ್ಯತೆಗಳು. ಐದು ಜೋಡಿಗೆ ನಾಲ್ಕನ್ನು ಐದು ಬಾರಿ ಗುಣಿಸಿದರೆ 1,024. ಮೂವತ್ತೆರಡು ಸಾಲು, ಸಾಲಿಗೆ ಮೂವತ್ತೆರಡು ಗೂಡುಗಳಿರುವ ಒಂದು ಕಪಾಟು ಮಾಡಿದರೆ ಪ್ರತಿಯೊಬ್ಬ ಮನುಷ್ಯನ ಚೀಟಿಗೂ ತನ್ನದೇ ಗೂಡು ದೊರಕುತ್ತದೆ. ಈ ವಿಚಾರ ರೈಲಿನಲ್ಲಿ ಹೋಗುವಾಗ ಹೆನ್ರಿಗೆ ಹೊಳೆದು, ಕಾಗದ ಸಿಗದೆ ಅಂಗಿಯ ತೋಳಿನ ಪಟ್ಟಿಯ ಮೇಲೆ ಬರೆದುಕೊಂಡನೆಂಬ ಕತೆಯೊಂದು ಪ್ರಚಾರದಲ್ಲಿದೆ. ಸಾಹೇಬರ ಅಂಗಿಯ ತೋಳು ಇತಿಹಾಸಕ್ಕೆ ಬಂದಿತು. ಗಣಿತ ಮಾಡಿದವರ ಹೆಸರು ಬರಲಿಲ್ಲ. ಹೆನ್ರಿ ಪದ್ಧತಿ ಎಂದೇ ಅದಕ್ಕೆ ಜಗತ್ತಿನಲ್ಲಿ ಹೆಸರಾಯಿತು. ಹಕ್ ಅವರಿಗೆ ಖಾನ್ ಬಹದ್ದೂರ್, ಬೋಸ್ ಅವರಿಗೆ ರಾಯ್ ಬಹದ್ದೂರ್ ಎಂಬ ಬಿರುದುಗಳೂ ಒಂದಿಷ್ಟು ಬಹುಮಾನದ ಹಣವೂ ತಡವಾಗಿ ದೊರೆತವು. ಈಗ ಬ್ರಿಟನ್ನಿನ ಬೆರಳಚ್ಚು ತಜ್ಞರ ಸಂಘವು ಅವರಿಬ್ಬರ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಇಟ್ಟಿದೆ.

1897ರಲ್ಲಿ ಸರ್ವೇಯರ್ ಜನರಲ್ ಸ್ಟ್ರಾಹನ್ ಮತ್ತು ರಸಾಯನಶಾಸ್ತ್ರಜ್ಞ ಪೆಡ್ಲರ್ ಅವರ ಸಮಿತಿ ಈ ಪದ್ಧತಿಯನ್ನು ಪರೀಕ್ಷಿಸಿ ಮೆಚ್ಚಿತು. ಅದೇ ವರ್ಷ ಸರಕಾರ ಬ್ರಿಟಿಷ್ ಇಂಡಿಯಾದಾದ್ಯಂತ ಇದನ್ನು ಸ್ವೀಕರಿಸಿತು. 1899ರಲ್ಲಿ ಸಾಕ್ಷ್ಯ ಅಧಿನಿಯಮದ 45ನೆಯ ಕಲಮಿಗೆ ಬೆರಳಚ್ಚು ಎಂಬ ಪದವನ್ನು ಸೇರಿಸಿ, ಆ ವಿಷಯದಲ್ಲಿ ತಜ್ಞರ ಅಭಿಪ್ರಾಯವನ್ನು ನ್ಯಾಯಾಲಯಗಳು ಕೇಳಬಹುದೆಂದು ಮಾಡಲಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಇದು ಹೋದದ್ದು 1901ರಲ್ಲಿ. ಕಲಕತ್ತೆ ಲಂಡನ್ನಿಗಿಂತ ನಾಲ್ಕು ವರ್ಷ ಮುಂದಿತ್ತು.

ಇಷ್ಟು ಕುರುಹಿನ ಕತೆ. ಈ ಕುರುಹನ್ನು ಯಾರ ಮೇಲೆ ಬಳಸಲಾಯಿತು ಎಂಬ ಕತೆ ಬೇರೆ. ಅದು ನಮ್ಮ ನಾಡಿನೊಳಕ್ಕೂ ಬರುತ್ತದೆ.

1871ರಲ್ಲಿಯೇ ಅಪರಾಧಿ ಬುಡಕಟ್ಟುಗಳ ಕಾಯ್ದೆಯೆಂಬುದು ಜಾರಿಗೆ ಬಂದಿತ್ತು. ನೇಯುವವನ ಮಗ ನೇಯುತ್ತಾನೆ, ಬಡಿಗನ ಮಗ ಬಡಿಗನಾಗುತ್ತಾನೆ. ಹಾಗೆಯೇ ಕಳ್ಳನ ಮಗ ಕಳ್ಳನಾಗಲೇಬೇಕು ಎಂಬುದು ಅದರ ಹಿಂದಿದ್ದ ವಾದ. ಜಾತಿಪದ್ಧತಿಯಲ್ಲಿದ್ದ ಕೇಡನ್ನೇ ಹಿಡಿದುಕೊಂಡು, ಅದನ್ನೇ ಕಾನೂನಿನ ತತ್ತ್ವವಾಗಿ ಮಾಡಿದ ವಿಪರ್ಯಾಸವಿದು. ಮೊದಲು ಉತ್ತರ ಭಾರತದ ಪ್ರಾಂತ್ಯಗಳಿಗೆ, 1876ರಲ್ಲಿ ಬಂಗಾಳಕ್ಕೆ, 1911ರ ತಿದ್ದಿದ ಕಾಯ್ದೆಯಿಂದ ಬ್ರಿಟಿಷ್ ಇಂಡಿಯಾಕ್ಕೆಲ್ಲ ಇದು ಅನ್ವಯವಾಯಿತು. 1911ರ ಕಾಯ್ದೆ ಹೊಸದೊಂದು ಅಧಿಕಾರವನ್ನು ಕೊಟ್ಟಿತು. ನೋಂದಣಿಯಾದ ಬುಡಕಟ್ಟಿನ ಯಾವನೇ ವ್ಯಕ್ತಿಯ ಬೆರಳಚ್ಚನ್ನು ತೆಗೆದುಕೊಳ್ಳಲು ಜಿಲ್ಲಾ ಮ್ಯಾಜಿಸ್ಟ್ರೇಟನು ಆಜ್ಞೆ ಮಾಡಬಹುದಾಗಿತ್ತು. ಅವನು ಕಳವು ಮಾಡಿದ್ದಾನೆಂದಲ್ಲ, ಮಾಡಿದನೆಂಬ ಸಂಶಯವೂ ಅಲ್ಲ. ಆ ಕುಲದಲ್ಲಿ ಹುಟ್ಟಿದ್ದಾನೆ, ಅಷ್ಟೇ.

ಜಲಪಾಯಿಗುರಿಯ ನ್ಯಾಯಾಧೀಶರು ರಕ್ತ ತಗುಲಿದ ಹೆಬ್ಬೆರಳಿನಿಂದಲೂ ಕೊಲೆಯನ್ನು ಊಹಿಸಲು ಒಪ್ಪಿರಲಿಲ್ಲ. ಹದಿಮೂರು ವರ್ಷಗಳಲ್ಲಿ ಕಾನೂನು ಶುದ್ಧವಾದ ಬೆರಳುಗಳನ್ನು ಮಸಿಯಲ್ಲಿ ಅದ್ದಿಸಿ, ಮುಂದೆಂದೋ ನಡೆಯಬಹುದಾದ ಅಪರಾಧಗಳನ್ನು ಅವುಗಳಲ್ಲಿ ಓದತೊಡಗಿತು.

ಶಿಕ್ಷೆಯೂ ಹುಟ್ಟನ್ನು ನೋಡಿಯೇ ನಿಗದಿಯಾಗುತ್ತಿತ್ತು. 1924ರ ಕಾಯ್ದೆಯ 23ನೆಯ ಕಲಮಿನಂತೆ ಅಪರಾಧಿ ಬುಡಕಟ್ಟಿನವನು ಕಾಯ್ದೆಯ ಪಟ್ಟಿಯಲ್ಲಿದ್ದ ಅಪರಾಧಗಳಿಗಾಗಿ ಎರಡನೆಯ ಬಾರಿ ಶಿಕ್ಷೆಗೊಳಗಾದರೆ, ವಿಶೇಷ ಕಾರಣಗಳಿಲ್ಲದಿದ್ದಲ್ಲಿ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸಜೆ. ಮೂರನೆಯ ಬಾರಿಗೆ ಜೀವಾವಧಿ ಕರಿನೀರು. ಅದೇ ಕಳವನ್ನು ಅದೇ ಸಂತೆಯಲ್ಲಿ ಬೇರೆ ಕುಲದವನು ಮಾಡಿದರೆ ಈ ಕಟ್ಟು ಅವನಿಗಿರಲಿಲ್ಲ. ಕಳವು ಮಾಡುವ ಹವಣಿಕೆಯಲ್ಲಿದ್ದಾನೆಂದು ತೋರುವಂಥ ಸನ್ನಿವೇಶದಲ್ಲಿ ಸಿಕ್ಕರೂ ಮೂರು ವರ್ಷದವರೆಗೆ ಸಜೆ. ಹಾಜರಿ ಕೊಡಬೇಕು; ಊರು ಬಿಡಬೇಕಾದರೆ ತಿಳಿಸಬೇಕು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಔದ್ಯೋಗಿಕ ಶಾಲೆಗಳಲ್ಲಿಡುವ ಅಧಿಕಾರವೂ ಸರಕಾರಕ್ಕಿತ್ತು.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಹರಣಶಿಕಾರಿ, ಗಂಟಿಚೋರ, ಕೊರಮ, ಕೈಕಾಡಿ, ಛಪ್ಪರಬಂದ ಮುಂತಾದವರು ಈ ಕಾಯ್ದೆಯ ಬಲೆಗೆ ಬಿದ್ದರು. 1910ರ ಆಸುಪಾಸಿನಲ್ಲಿ ವಿಜಯಪುರದಲ್ಲಿ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಮುತುವರ್ಜಿಯಿಂದ ಸೆಟ್ಲಮೆಂಟ್ ಆರಂಭವಾಯಿತು. ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇಂಥವು ಬೆಳೆದವು. ಹುಬ್ಬಳ್ಳಿಯ ಸೆಟ್ಲಮೆಂಟಿನವರನ್ನು ನೂಲಿನ ಗಿರಣಿಗೂ ರೈಲ್ವೆ ಕಾರ್ಖಾನೆಗೂ ದುಡಿಯಲು ಕಳಿಸಲಾಗುತ್ತಿತ್ತು. ಸೊಲ್ಲಾಪುರದಲ್ಲಿ ಮುಳ್ಳುತಂತಿಯ ಬೇಲಿಯೇ ಇತ್ತು.

ಈ ಸೆಟ್ಲಮೆಂಟುಗಳನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ನ್ಯಾಯವಾಗದು. ಅಲ್ಲಿ ಶಾಲೆಗಳಿದ್ದವು, ಕಸುಬು ಕಲಿಸುವ ಏರ್ಪಾಡುಗಳಿದ್ದವು. ಸ್ಟಾರ್ಟ್ ಅಂಥವರು ಜೈಲಿಗಿಂತ ಇದು ಮೇಲೆಂದು ಪ್ರಾಮಾಣಿಕವಾಗಿ ನಂಬಿದ್ದರು. ಜೈಲಿಗೆ ಹೋಲಿಸಿದರೆ ಮೇಲೂ ಆಗಿದ್ದಿರಬಹುದು. ಆದರೆ ಅಲ್ಲಿಗೆ ಬಂದ ಎಲ್ಲರೂ ಜೈಲಿಗೆ ಹೋಗಬೇಕಾದವರಾಗಿರಲಿಲ್ಲ. ತಪ್ಪಿಗಾಗಿ ಕೊಟ್ಟ ಶಿಕ್ಷೆಗೆ ಒಂದು ಕೊನೆಯ ದಿನವಿರುತ್ತದೆ. ಹುಟ್ಟಿಗಾಗಿ ಕೊಟ್ಟ ಸುಧಾರಣೆಗೆ ಅಂಥ ದಿನ ಬರೆದಿರುವುದಿಲ್ಲ.

ಹೆಸರಿನ ವಿಷಯವನ್ನು ಇಲ್ಲಿ ಸ್ವಲ್ಪ ನೋಡಬಹುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆಯೆಂಬವರಿದ್ದರು. ಕನ್ನ ಹಾಕುವುದು ಅವರ ಪೂರ್ವಾಶ್ರಮದ ಕಾಯಕವಾಗಿತ್ತೆಂದು ಪರಂಪರೆ ಹೇಳುತ್ತದೆ. ಬಿಟ್ಟುಬಂದ ಕಸುಬಿನ ಹೆಸರನ್ನು ಅವರು ಮುಚ್ಚಿಡಲಿಲ್ಲ, ಶರಣ ಸಮೂಹವೂ ಅದನ್ನು ಅಳಿಸಲಿಲ್ಲ. ಅದೇ ಹೆಸರಿನಿಂದ ಕರೆದು ಕೈಮುಗಿಯಿತು. ಅದೇ ನಾಡಿನಲ್ಲಿ ಏಳುನೂರು ವರ್ಷಗಳ ಮೇಲೆ, ಕುಲದ ಹೆಸರಿನಲ್ಲಿಯೇ ಚೋರನೆಂಬ ಪದವನ್ನು ಹೊತ್ತ ಸಮುದಾಯದ ಕೂಸು ಯಾವ ಕನ್ನವನ್ನೂ ಹಾಕುವ ಮುಂಚೆ ಸರಕಾರದ ಕಡತ ಸೇರುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಪ್ರಾಂತ್ಯ 1949ರಲ್ಲಿ ಈ ಕಾಯ್ದೆಯನ್ನು ತೆಗೆದುಹಾಕಿತು. ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟ ನಂತರ, 1952ರ ಆಗಸ್ಟ್ 31ರಂದು ಅದು ದೇಶದಾದ್ಯಂತ ರದ್ದಾಯಿತು. ಆ ಸಮುದಾಯಗಳು ಅಂದಿನಿಂದ ವಿಮುಕ್ತರಾದವು. ಇಂದಿಗೂ ಆ ದಿನವನ್ನು ವಿಮುಕ್ತಿ ದಿನವೆಂದು ಆಚರಿಸುತ್ತಾರೆ. ಆದರೆ ಒಂದು ಬಾಗಿಲನ್ನು ಮುಚ್ಚಿದ ಕೈಯೇ ಇನ್ನೊಂದನ್ನು ತೆರೆಯಿತು. ರೂಢಿಗತ ಅಪರಾಧಿಗಳ ಕಾಯ್ದೆಗಳೆಂಬ ಹೆಸರಿನಲ್ಲಿ ಒಂದೊಂದು ರಾಜ್ಯವೂ ಹೊಸ ಕಾನೂನು ಮಾಡಿಕೊಂಡಿತು. 1961ರಲ್ಲಿ ಅಂದಿನ ಮೈಸೂರು ರಾಜ್ಯವೂ ಮಾಡಿತು. ಈ ಕಾನೂನುಗಳು ಕುಲವನ್ನಲ್ಲ, ವ್ಯಕ್ತಿಯನ್ನು ನೋಡುತ್ತವೆ ಎಂಬುದು ನಿಜ. ಆದರೆ ಠಾಣೆಯ ಹಳೆಯ ರಿಜಿಸ್ಟರುಗಳು ಸುಟ್ಟುಹೋಗಿರಲಿಲ್ಲ, ಅವುಗಳನ್ನು ಓದುವ ಕಣ್ಣುಗಳೂ ಬದಲಾಗಿರಲಿಲ್ಲ.

ಜಲಪಾಯಿಗುರಿಯ ತೀರ್ಪು ಬಂದು ಸರಿಯಾಗಿ ನೂರು ವರ್ಷವಾದಾಗ, ಅದೇ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ನಡೆದುದು ಇದಕ್ಕೆ ಸಾಕ್ಷಿ. ಖೇಡಿಯಾ ಶಬರ ಸಮುದಾಯ ಹಿಂದೆ ಅಪರಾಧಿ ಬುಡಕಟ್ಟೆಂದು ಘೋಷಿತವಾಗಿತ್ತು. ಆ ಸಮುದಾಯದ ಬುಧನ್ ಶಬರ್ ಎಂಬ ಯುವಕನನ್ನು 1998ರ ಫೆಬ್ರವರಿಯಲ್ಲಿ ಪೊಲೀಸರು ಹಿಡಿದೊಯ್ದರು. ಕೆಲವೇ ದಿನಗಳಲ್ಲಿ ಅವನು ಬಂಧನದಲ್ಲಿದ್ದಾಗಲೇ ಸತ್ತನು. ನೇಣು ಹಾಕಿಕೊಂಡನೆಂದು ಅಧಿಕಾರಿಗಳು ಹೇಳಿದರು. ಮಹಾಶ್ವೇತಾದೇವಿಯವರು ಬೆನ್ನಿಗೆ ನಿಂತಿದ್ದ ಶಬರರ ಕಲ್ಯಾಣ ಸಮಿತಿ ಆ ಮಾತನ್ನು ನಂಬಲಿಲ್ಲ. ದೇಹ ಸುಟ್ಟುಹೋದರೆ ಸತ್ಯವೂ ಸುಟ್ಟುಹೋಗುವುದೆಂದು ಆ ಅನಕ್ಷರಸ್ಥ ಜನ ಅರಿತಿದ್ದರು. ಎಲ್ಲರೆದುರು ಒಂದು ಬೊಂಬೆಯನ್ನು ಸುಟ್ಟು, ಬುಧನನ ದೇಹವನ್ನು ಅವನ ಗುಡಿಸಲಿನಲ್ಲಿಯೇ ಹೂತಿಟ್ಟರು. ಎರಡನೆಯ ಮರಣೋತ್ತರ ಪರೀಕ್ಷೆ ಸಾಧ್ಯವಾದುದು ಇದರಿಂದ. ಕಲಕತ್ತಾ ಹೈಕೋರ್ಟು ಅದೇ ವರ್ಷ ಸಿ.ಬಿ.ಐ. ತನಿಖೆಗೆ ಆದೇಶಿಸಿ, ಅವನ ಹೆಂಡತಿಗೆ ಪರಿಹಾರ ಕೊಡಿಸಿತು.

ನ್ಯಾಯವಿಜ್ಞಾನದ ಇತಿಹಾಸ ಬರೆಯುವವರು ಹರ್ಷೆಲ್‌ನ ಅಂಗೈಯಚ್ಚನ್ನೂ ಹೆನ್ರಿಯ ಕಪಾಟನ್ನೂ ಮರೆಯುವುದಿಲ್ಲ. ಸಾಕ್ಷ್ಯವನ್ನು ಕಾಪಾಡುವುದು ಹೇಗೆಂಬುದಕ್ಕೆ ಆ ಗುಡಿಸಲಿನ ನೆಲಕ್ಕಿಂತ ದೊಡ್ಡ ಪಾಠ ಅವೆರಡರಲ್ಲೂ ಇಲ್ಲ. ಸಾಮಾನ್ಯವಾಗಿ ಸರಕಾರ ಪ್ರಜೆಯ ಮೈಯನ್ನು ಓದುತ್ತದೆ. ಅಲ್ಲಿ ಪ್ರಜೆಗಳು ತಮ್ಮವನ ಮೈಯನ್ನು ಸರಕಾರ ಓದಲೇಬೇಕಾದ ಪತ್ರವಾಗಿ ಉಳಿಸಿಟ್ಟರು. ಈ ಘಟನೆ ನಾಟಕವಾಗಿ ಅಹಮದಾಬಾದಿನ ಛಾರಾನಗರದ ಯುವಕರಿಂದ ಪ್ರದರ್ಶಿತವಾಗುತ್ತ ಬಂದಿದೆ. ಆ ಛಾರಾನಗರವೂ ಹಿಂದೊಂದು ಕಾಲಕ್ಕೆ ಸೆಟ್ಲಮೆಂಟೇ ಆಗಿತ್ತು.

ಇನ್ನು ಬೆರಳಚ್ಚಿನ ನಿಖರತೆಯ ಬಗೆಗೂ ಒಂದು ಮಾತು. ಗಾಲ್ಟನ್‌ನ 6,400 ಕೋಟಿಯ ಲೆಕ್ಕ ಎರಡು ಪೂರ್ಣವಾದ, ಸ್ಪಷ್ಟವಾದ ಅಚ್ಚುಗಳನ್ನು ಕುರಿತದ್ದು. ಅಪರಾಧ ನಡೆದ ಜಾಗದಲ್ಲಿ ಸಿಗುವುದು ಹೆಚ್ಚಾಗಿ ಅರ್ಧಂಬರ್ಧ, ಮಸುಕು ಗುರುತು. 2004ರ ಮಾರ್ಚಿನಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬು ಸ್ಫೋಟವಾದಾಗ ದೊರೆತ ಒಂದು ಗುರುತು ತಮ್ಮ ದೇಶದ ಒಬ್ಬ ವಕೀಲನದೇ ಎಂದು ಅಮೆರಿಕದ ಎಫ್.ಬಿ.ಐ. ತಜ್ಞರು ಖಚಿತವಾಗಿ ಹೇಳಿದರು. ಆತ ಇಸ್ಲಾಂ ಧರ್ಮವನ್ನು ಸ್ವೀಕರಿಸಿದ್ದವನು. ಎರಡು ವಾರ ಬಂಧನದಲ್ಲಿಟ್ಟ ಮೇಲೆ, ಆ ಗುರುತು ಅಲ್ಜೀರಿಯಾದ ಬೇರೊಬ್ಬನದೆಂದು ಸ್ಪೇನಿನ ಪೊಲೀಸರು ಕಂಡುಹಿಡಿದರು. ಎಫ್.ಬಿ.ಐ. ಕ್ಷಮೆ ಕೇಳಿತು. ಬೆರಳು ಸುಳ್ಳು ಹೇಳಿರಲಿಲ್ಲ. ಓದಿದವರು ತಪ್ಪಾಗಿ ಓದಿದ್ದರು.

ಹಕ್ ಮತ್ತು ಬೋಸರ 1,024 ಗೂಡುಗಳ ಕೆಲಸವನ್ನು ಈಗ ಗಣಕಯಂತ್ರಗಳು ಮಾಡುತ್ತಿವೆ. 2022ರಲ್ಲಿ ಸಂಸತ್ತು 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯನ್ನು ತೆಗೆದು ಹೊಸ ಕಾಯ್ದೆಯನ್ನು ತಂದಿತು. ಬೆರಳಚ್ಚಿನೊಡನೆ ಕಣ್ಣಿನ ಪಾಪೆಯ ಗುರುತು, ಜೈವಿಕ ಮಾದರಿಗಳನ್ನೂ ಅದು ಸೇರಿಸಿಕೊಂಡಿತು. ದಾಖಲೆಗಳನ್ನು 75 ವರ್ಷ ಕಾಯ್ದಿಡಬಹುದೆಂದಿತು. ಹಿಂದೆ ಶಿಕ್ಷೆಯಾಗಿರದವನು ಖುಲಾಸೆಯಾದರೆ ಅವನ ದಾಖಲೆಯನ್ನು ನಾಶಮಾಡಬೇಕೆಂಬ ನಿಯಮವಿದೆ, ನ್ಯಾಯಾಲಯವು ಬೇರೆ ರೀತಿ ಆದೇಶಿಸದಿದ್ದರೆ.

2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಜೈಲುಗಳ ಕೈಪಿಡಿಗಳನ್ನು ಪರಿಶೀಲಿಸಿತು. ಹಲವು ರಾಜ್ಯಗಳ ಕೈಪಿಡಿಗಳು ಕೈದಿಗಳಿಗೆ ಜಾತಿ ನೋಡಿ ಕೆಲಸ ಹಂಚುತ್ತಿದ್ದವು: ಗುಡಿಸುವುದು ಒಬ್ಬರಿಗೆ, ಅಡುಗೆ ಇನ್ನೊಬ್ಬರಿಗೆ. ವಿಮುಕ್ತ ಸಮುದಾಯದವರನ್ನು ಹುಟ್ಟಿನ ಆಧಾರದ ಮೇಲೆಯೇ ರೂಢಿಗತ ಅಪರಾಧಿಗಳ ಸಾಲಿಗೆ ಸೇರಿಸುವ ಮಾತುಗಳೂ ಕೆಲವು ಕೈಪಿಡಿಗಳಲ್ಲಿದ್ದವು. ಕಾಯ್ದೆ ರದ್ದಾಗಿ ಎಪ್ಪತ್ತೆರಡು ವರ್ಷಗಳಾಗಿದ್ದವು. ಈ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಪೀಠ ಸಾರಿತು; ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕೆಂದೂ, ಕೈದಿಗಳ ರಿಜಿಸ್ಟರಿನಲ್ಲಿರುವ ಜಾತಿಯ ಅಂಕಣವನ್ನು ತೆಗೆದುಹಾಕಬೇಕೆಂದೂ ಆದೇಶಿಸಿತು.

ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಜನರ ಬಾಯಲ್ಲಿ ಇಂದಿಗೂ ಸೆಟ್ಲಮೆಂಟ್ ಎಂಬ ಹೆಸರೇ ಇದೆ.